ದೇವರಿಲ್ಲ ಎನ್ನಲು ಯಾರಿಗೆ ಎಷ್ಟು ಖರ್ಚು?

ಕೊಪ್ಪಳ ಜಿಲ್ಲೆಯ ಮೂರು ಊರುಗಳಿಂದ ಶುರು ಮಾಡುತ್ತೇನೆ. ನಮ್ಮ ಬೇವೂರಿನಿಂದ ಬೆಳಗಿನ ಬಸ್ಸು ಹಿಡಿದರೆ ಇವುಗಳಲ್ಲಿ ಯಾವ ಊರಿಗೆ ಹೋದರೂ ಕತ್ತಲಾಗುವುದರೊಳಗೆ ತಿರುಗಿ ಮನೆ ಸೇರಬಹುದು.

ಮೊದಲನೆಯದು ಕುಷ್ಟಗಿ ತಾಲ್ಲೂಕಿನ ಮಿಯಾಪುರ. 2021ರ ಸೆಪ್ಟೆಂಬರ್ 4ರಂದು ಚೆನ್ನದಾಸರ ಸಮುದಾಯದ ಕುಟುಂಬವೊಂದು ಎರಡು ವರ್ಷದ ಮಗನ ಹುಟ್ಟುಹಬ್ಬಕ್ಕೆಂದು ಆಂಜನೇಯನ ಗುಡಿಗೆ ಹೋಯಿತು. ದಲಿತರು ಹೊರಗೆ ನಿಂತೇ ಕೈಮುಗಿಯುವುದು ಅಲ್ಲಿನ ರೂಢಿ. ಅಷ್ಟರಲ್ಲಿ ಮಳೆ ಬಂತು, ಮಗು ಓಡಿ ಗುಡಿಯೊಳಗೆ ಹೋಯಿತು. ವಾರದ ಬಳಿಕ ಮೇಲ್ಜಾತಿಯ ಹಿರಿಯರು ಸಭೆ ಕೂಡಿ ಗುಡಿಯ ಶುದ್ಧಿಗೆ 25,000 ರೂಪಾಯಿ ಆಗುತ್ತದೆ, ಕಟ್ಟು ಎಂದು ತಂದೆಗೆ ಹೇಳಿದರು. ಮನೆಯವರು ದೂರು ಕೊಡಲು ಮುಂದಾಗಲಿಲ್ಲ. ಅದೇ ಊರಲ್ಲಿ ಬಾಳಬೇಕಲ್ಲ. ಕಡೆಗೆ ಸಮಾಜ ಕಲ್ಯಾಣ ಇಲಾಖೆಯೇ ದೂರು ಕೊಟ್ಟಿತು, ಐವರ ಬಂಧನವಾಯಿತು.

ಎರಡನೆಯದು ಗಂಗಾವತಿ ತಾಲ್ಲೂಕಿನ ಮರಕುಂಬಿ. ಅಲ್ಲಿನ ದಲಿತರು ಕ್ಷೌರದಂಗಡಿಯಲ್ಲಿ, ಹೋಟೆಲಿನಲ್ಲಿ ತಮಗೂ ಪ್ರವೇಶ ಬೇಕೆಂದು ಕೇಳಿದ್ದರು. ಆ ಸಿಟ್ಟು ಊರಲ್ಲಿ ಒಳಗೊಳಗೇ ಇತ್ತು. 2014ರ ಆಗಸ್ಟ್‌ನಲ್ಲಿ ಗಂಗಾವತಿಯ ಚಿತ್ರಮಂದಿರವೊಂದರಲ್ಲಿ ಹತ್ತಿದ ಜಗಳ ಊರಿಗೆ ಬಂದು ದಲಿತರ ಮನೆಗಳಿಗೆ ಬೆಂಕಿಯಾಯಿತು. 2024ರ ಅಕ್ಟೋಬರ್ 24ರಂದು ಕೊಪ್ಪಳದ ಜಿಲ್ಲಾ ನ್ಯಾಯಾಲಯ 98 ಜನರಿಗೆ ಜೀವಾವಧಿ ಶಿಕ್ಷೆ ಕೊಟ್ಟಾಗ ದೇಶವೇ ತಿರುಗಿ ನೋಡಿತು. ಮುಂದಿನ ತಿಂಗಳೇ ಹೈಕೋರ್ಟಿನ ಧಾರವಾಡ ಪೀಠದಿಂದ ಅವರಲ್ಲಿ ಹೆಚ್ಚಿನವರಿಗೆ ಜಾಮೀನು ಸಿಕ್ಕಿತು. ಅದರ ಸದ್ದು ಅಷ್ಟಾಗಲಿಲ್ಲ.

ಮೂರನೆಯದು ಯಲಬುರ್ಗಾ ತಾಲ್ಲೂಕಿನದೇ ಸಂಗನಾಳ. 2024ರ ಆಗಸ್ಟ್‌ನಲ್ಲಿ ಕ್ಷೌರದಂಗಡಿಯಲ್ಲಿ ಮಾತಿಗೆ ಮಾತು ಬೆಳೆದು ದಲಿತ ಯುವಕನೊಬ್ಬನ ಕೊಲೆಯಾಯಿತು.

ಈ ಮೂರರಲ್ಲಿ ದೇವರು ಬರುವುದು ಒಂದರಲ್ಲಿ ಮಾತ್ರ. ಉಳಿದೆರಡು ಕಡೆ ಇರುವುದು ಕತ್ತರಿ, ಕುರ್ಚಿ, ಚಹದ ಲೋಟ, ಸಿನಿಮಾ ಟಿಕೆಟ್ಟು. ನಾಸ್ತಿಕತೆಯನ್ನು ಸಾಮಾಜಿಕ ನ್ಯಾಯದ ವಿಷಯವಾಗಿ ಎತ್ತಿಕೊಳ್ಳಬೇಕೆ ಎಂಬ ಚರ್ಚೆಯಲ್ಲಿ ನನಗೆ ಮೊದಲು ನೆನಪಾಗುವುದೇ ಈ ಲೆಕ್ಕ. ದೇವರನ್ನು ತೆಗೆದುಹಾಕಿದರೆ ಮಿಯಾಪುರದ ಗುಡಿಯ ಬಾಗಿಲು ತೆರೆಯಬಹುದೇನೋ. ಮರಕುಂಬಿಯ ಕ್ಷೌರದಂಗಡಿಯ ಬಾಗಿಲು ತೆರೆಯುತ್ತದೆಂದು ಹೇಳುವುದು ಹೇಗೆ?

ಪ್ರಶ್ನೆಯಲ್ಲೇ ಬೇರೆ ಬೇರೆ ಎಳೆಗಳು ತೊಡರಿಕೊಂಡಿವೆ, ಮೊದಲು ಬಿಡಿಸಿಕೊಳ್ಳಬೇಕು. ದೇವರನ್ನು ನಂಬದವರೂ ತುಳಿತಕ್ಕೆ ಸಿಕ್ಕವರೇ, ಅವರಿಗೂ ರಕ್ಷಣೆ ಬೇಕೇ ಎಂಬುದು ಒಂದು. ನಾಸ್ತಿಕನಾದವನು ಜಾತಿ, ಲಿಂಗ, ಬಡತನದ ವಿರುದ್ಧ ನಿಲ್ಲಲೇಬೇಕೇ ಎಂಬುದು ಇನ್ನೊಂದು. 2012ರಲ್ಲಿ ಅಮೆರಿಕದ ನಾಸ್ತಿಕರು ‘ಎಥಿಸಂ ಪ್ಲಸ್’ ಎಂಬ ಹೆಸರಲ್ಲಿ ತಮ್ಮ ತಮ್ಮಲ್ಲೇ ಕಾದಾಡಿದ್ದು ಇದರ ಮೇಲೆಯೇ. ದೇವರಿಲ್ಲ ಎಂದರೆ ಸಾಕು, ಉಳಿದದ್ದು ನಮಗೆ ಸಂಬಂಧವಿಲ್ಲ ಎಂದವರು ಒಂದು ಕಡೆ. ಹೆಂಗಸರನ್ನೂ ಕರಿಯರನ್ನೂ ಕೀಳಾಗಿ ಕಾಣುವ ನಾಸ್ತಿಕತೆ ಯಾರಿಗೆ ಬೇಕು ಎಂದವರು ಇನ್ನೊಂದು ಕಡೆ. ಮೂರನೆಯದು ಇದನ್ನೇ ತಿರುಗಿಸಿ ಕೇಳುವ ಪ್ರಶ್ನೆ: ನ್ಯಾಯಕ್ಕಾಗಿ ಹೋರಾಡುವವರು ಮೊದಲು ದೇವರನ್ನು ಬಿಡಬೇಕೇ? ನಮ್ಮ ದಕ್ಷಿಣ ಭಾರತದಲ್ಲಿ ನೂರು ವರ್ಷಗಳಿಂದ ಹಿಂಜಿ ಹಾಕಿರುವುದು ಈ ಮೂರನೆಯದನ್ನು.

1917ರಲ್ಲಿ ಕೇರಳದ ಚೆರಾಯಿಯಲ್ಲಿ ಸಹೋದರನ್ ಅಯ್ಯಪ್ಪನ್ ಈಳವರನ್ನೂ ಪುಲಯರನ್ನೂ ಒಟ್ಟಿಗೆ ಕೂರಿಸಿ ಮಿಶ್ರಭೋಜನ ಮಾಡಿಸಿದರು. ಒಂದೇ ಜಾತಿ, ಒಂದೇ ಮತ, ಒಬ್ಬನೇ ದೇವರು ಎಂದಿದ್ದ ನಾರಾಯಣ ಗುರುಗಳ ಮಾತನ್ನು ಅವರ ಶಿಷ್ಯರಾದ ಅಯ್ಯಪ್ಪನ್ ಜಾತಿ ಬೇಡ, ಮತ ಬೇಡ, ದೇವರೂ ಬೇಡ ಎಂದು ತಿರುಗಿಸಿದರು. ಗುರುಗಳು ಶಿಷ್ಯನನ್ನು ದೂರ ಮಾಡಲಿಲ್ಲ. ತಮಿಳುನಾಡಿನಲ್ಲಿ ಪೆರಿಯಾರ್ 1925ರಲ್ಲಿ ಸ್ವಾಭಿಮಾನ ಚಳವಳಿಯನ್ನು ಕಟ್ಟಿದರು. ಅವರ ವಾದ ಸರಳ, ಒರಟು, ನೇರ: ಜಾತಿಗೆ ಶಾಸ್ತ್ರ ಆಧಾರ, ಶಾಸ್ತ್ರಕ್ಕೆ ದೇವರು ಆಧಾರ, ಹಾಗಾಗಿ ಬುಡಕ್ಕೇ ಕೊಡಲಿ. ಆಂಧ್ರದ ಗೋರಾ ನಾಸ್ತಿಕತೆಯ ಕಾರಣಕ್ಕೆ ಕಾಲೇಜಿನ ನೌಕರಿ ಕಳೆದುಕೊಂಡವರು. 1940ರಲ್ಲಿ ನಾಸ್ತಿಕ ಕೇಂದ್ರ ತೆರೆದರು. ಆದರೆ ಅವರ ದಿನಚರಿಯಲ್ಲಿ ದೇವರ ಖಂಡನೆಗಿಂತ ಹರಿಜನ ಕೇರಿಯ ಸಹಪಂಕ್ತಿ ಭೋಜನವೇ ಹೆಚ್ಚು. ಮಗಳನ್ನು ದಲಿತ ಯುವಕನಿಗೆ ಕೊಟ್ಟು ಸೇವಾಗ್ರಾಮದಲ್ಲಿ ಮದುವೆ ಮಾಡುವುದೆಂದಾಗ ಗಾಂಧಿ ಒಪ್ಪಿದ್ದರು. ಮದುವೆ ಗಾಂಧಿಯ ಹತ್ಯೆಯಾದ ಮೇಲೆ, 1948ರ ಮಾರ್ಚ್‌ನಲ್ಲಿ ನಡೆಯಿತು.

ಅಂಬೇಡ್ಕರ್ ಹಿಡಿದ ದಾರಿ ಇವರೆಲ್ಲರಿಗಿಂತ ಬೇರೆ. ನಾಸಿಕದ ಕಾಳಾರಾಮ ಗುಡಿಯ ಮುಂದೆ 1930ರಿಂದ ವರ್ಷಗಟ್ಟಲೆ ಸತ್ಯಾಗ್ರಹ ನಡೆಯಿತು. ಗುಡಿ ತೆರೆಯಲಿಲ್ಲ. ಆಮೇಲೆ ಅವರು ಗುಡಿಯನ್ನೇ ಬಿಟ್ಟರು, ಆದರೆ ಧರ್ಮವನ್ನು ಬಿಡಲಿಲ್ಲ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಸ್ವೀಕರಿಸಿದ್ದು ಸೃಷ್ಟಿಕರ್ತನಿಲ್ಲದ ಬೌದ್ಧ ಧರ್ಮವನ್ನು. ಬಡವನಿಗೆ ಸಂಘ ಬೇಕು, ನೀತಿ ಬೇಕು, ಹಬ್ಬ ಬೇಕು, ಸತ್ತಾಗ ಹೊರಲು ನಾಲ್ಕು ಜನ ಬೇಕು ಎಂಬುದನ್ನು ಅವರು ಚೆನ್ನಾಗಿ ಬಲ್ಲವರಾಗಿದ್ದರು. ಬರೀ ‘ಇಲ್ಲ’ ಎಂಬ ಉತ್ತರ ಇದರಲ್ಲಿ ಯಾವುದನ್ನೂ ಕೊಡುವುದಿಲ್ಲ. ಸೃಷ್ಟಿಕರ್ತನಿಲ್ಲದ ಧರ್ಮ ನಮ್ಮ ಸೀಮೆಗೆ ಹೊಸದೇನೂ ಅಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡಬೇಕು. ಕೊಪ್ಪಳ ಒಂದು ಕಾಲಕ್ಕೆ ಜೈನರ ದೊಡ್ಡ ತೀರ್ಥ. ಊರ ಪಕ್ಕದ ಗವಿಮಠ ಮತ್ತು ಪಾಲ್ಕಿಗುಂಡುಗಳಲ್ಲಿ ಅಶೋಕನ ಶಾಸನಗಳಿವೆ. ಜಗತ್ತನ್ನು ಯಾರೂ ಸೃಷ್ಟಿಸಿಲ್ಲ ಎನ್ನುವವರು ಇಲ್ಲಿ ಶತಮಾನಗಳ ಕಾಲ ಗೌರವದಿಂದ ಬಾಳಿದ್ದಾರೆ.

ಪೆರಿಯಾರ್ ದಾರಿಯ ಫಲವನ್ನು ತಮಿಳುನಾಡಿನಲ್ಲಿ ನೋಡಬಹುದು. ಮೀಸಲಾತಿ, ಶಿಕ್ಷಣ, ಹೆಣ್ಣುಮಕ್ಕಳ ಹಕ್ಕು ಇವುಗಳಲ್ಲಿ ಆ ರಾಜ್ಯ ನಮಗಿಂತ ಮುಂದೆ ಹೋಯಿತು, ಅದರಲ್ಲಿ ವಿಚಾರವಾದಿಗಳ ಪಾಲು ದೊಡ್ಡದು. ಪುರೋಹಿತರಿಲ್ಲದ ಸ್ವಾಭಿಮಾನ ಮದುವೆಗೆ 1967ರಲ್ಲೇ ಹಿಂದೂ ವಿವಾಹ ಕಾಯ್ದೆಗೆ ರಾಜ್ಯದ ತಿದ್ದುಪಡಿ ತಂದು ಕಾನೂನಿನ ಮುದ್ರೆ ಒತ್ತಿದರು. ತಮಾಷೆಯೆಂದರೆ, ದೇವರಿಲ್ಲ ಎಂದವರ ಸರ್ಕಾರವೇ ಎಲ್ಲ ಜಾತಿಯವರೂ ಅರ್ಚಕರಾಗಬೇಕೆಂದು 1970ರಿಂದ ಕೋರ್ಟು ಕಚೇರಿ ಅಲೆದು, 2021ರಲ್ಲಿ ನೇಮಕದ ಆದೇಶಗಳನ್ನೂ ಕೊಟ್ಟಿತು. ಇದರಲ್ಲಿ ನನಗೆ ದ್ವಂದ್ವ ಕಾಣುವುದಿಲ್ಲ. ನಾನು ಗರ್ಭಗುಡಿಗೆ ಹೋಗುವುದಿಲ್ಲ ಎನ್ನುವುದು ನನ್ನ ಆಯ್ಕೆ, ನೀನು ಹೋಗಕೂಡದು ಎನ್ನುವುದು ನಿನಗೆ ಮಾಡುವ ಅವಮಾನ. ಎರಡನ್ನೂ ಬೇರೆ ಮಾಡಿ ನೋಡಬಲ್ಲ ನಾಸ್ತಿಕ ಮಾತ್ರ ನ್ಯಾಯದ ಕೆಲಸಕ್ಕೆ ಬರುತ್ತಾನೆ. ಅದೇ ತಮಿಳುನಾಡಿನ ಪುದುಕೋಟೆ ಜಿಲ್ಲೆಯ ವೆಂಗೈವಯಲ್‌ನಲ್ಲಿ 2022ರ ಡಿಸೆಂಬರ್‌ನಲ್ಲಿ ದಲಿತ ಕೇರಿಯ ಕುಡಿಯುವ ನೀರಿನ ಟ್ಯಾಂಕಿನಲ್ಲಿ ಮಲ ಸಿಕ್ಕಿತು ಎಂಬುದನ್ನೂ ಜೊತೆಗೇ ಬರೆದುಕೊಳ್ಳಬೇಕು. ಒಂದು ಶತಮಾನದ ವಿಚಾರವಾದವೂ ಆ ಟ್ಯಾಂಕಿನ ಮುಚ್ಚಳಕ್ಕೆ ಬೀಗವಾಗಲಿಲ್ಲ.

ಕನ್ನಡದಲ್ಲಿ ಈ ಚರ್ಚೆ ಬೆಳೆದ ಬಗೆಯೇ ಬೇರೆ. ಗುಡಿಯನ್ನೂ ಪುರೋಹಿತರನ್ನೂ ಪಕ್ಕಕ್ಕಿಟ್ಟ ಹನ್ನೆರಡನೆಯ ಶತಮಾನದ ಶರಣರು ಅಪ್ಪಟ ಆಸ್ತಿಕರು. ಆ ನೆನಪು ಇಲ್ಲಿ ಎಷ್ಟು ಗಟ್ಟಿಯೆಂದರೆ ನಮ್ಮಲ್ಲಿ ದೇವರನ್ನು ಬೈಯುವವನಿಗಿಂತ ದೇವರ ಹೆಸರಲ್ಲಿ ಸ್ಥಾವರವನ್ನು ಬೈಯುವವನಿಗೆ ಮೊದಲಿಂದಲೂ ಮರ್ಯಾದೆ ಹೆಚ್ಚು. 1974ರಲ್ಲಿ ಕುವೆಂಪು ಮೈಸೂರಿನಲ್ಲಿ ವಿಚಾರಕ್ರಾಂತಿಗೆ ಆಹ್ವಾನ ಕೊಟ್ಟಾಗಲೂ ಅದು ನಾಸ್ತಿಕತೆಗೆ ಕೊಟ್ಟ ಆಹ್ವಾನವಾಗಿರಲಿಲ್ಲ. ಪುರೋಹಿತಶಾಹಿಯಿಂದ ಹೊರಬನ್ನಿ ಎಂದು ಶೂದ್ರರ ಮಕ್ಕಳಿಗೆ ಕೊಟ್ಟ ಕರೆಯಾಗಿತ್ತು. ಅವರ ಮಂತ್ರಮಾಂಗಲ್ಯ ಇದಕ್ಕೆ ಒಳ್ಳೆಯ ಉದಾಹರಣೆ. 1966ರಲ್ಲಿ ಪೂರ್ಣಚಂದ್ರ ತೇಜಸ್ವಿಯವರ ಮದುವೆ ಆ ರೀತಿ ನಡೆಯಿತು. ಅದರಲ್ಲಿ ಮಂತ್ರವಿದೆ, ಪುರೋಹಿತರಿಲ್ಲ, ವರದಕ್ಷಿಣೆಯಿಲ್ಲ, ಸಾಲವಿಲ್ಲ. ಮಗಳ ಮದುವೆಗೆ ಹೊಲ ಬರೆದುಕೊಟ್ಟ ರೈತನ ಮುಂದೆ ದೇವರ ಅಸ್ತಿತ್ವದ ತರ್ಕ ಇಡುವುದಕ್ಕಿಂತ ಇದನ್ನಿಡುವುದು ಎಷ್ಟೋ ಪಾಲು ಉಪಯುಕ್ತ.

ನೇರವಾಗಿ ದೇವರನ್ನೇ ಪ್ರಶ್ನಿಸಿದವರು ಇಲ್ಲದಿಲ್ಲ. ಎ.ಎನ್. ಮೂರ್ತಿರಾವ್ ಇಳಿವಯಸ್ಸಿನಲ್ಲಿ ಬರೆದ ‘ದೇವರು’ ಪುಸ್ತಕ ಕನ್ನಡದ ಮನೆಮನೆಗಳಲ್ಲಿ ವಾದ ಎಬ್ಬಿಸಿತು. ಎಚ್. ನರಸಿಂಹಯ್ಯ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ 1976ರಲ್ಲಿ ಪವಾಡಗಳ ಪರೀಕ್ಷೆಗೆ ಸಮಿತಿ ಮಾಡಿ, ಪುಟ್ಟಪರ್ತಿಯ ಸಾಯಿಬಾಬಾ ಅವರಿಗೆ ಪತ್ರ ಬರೆದರು. ಉತ್ತರ ಬರಲಿಲ್ಲ. ಮೇಷ್ಟ್ರು ಹೊಸೂರಿನ ಬಡಮನೆಯಲ್ಲಿ ಹುಟ್ಟಿ ಕಾಲ್ನಡಿಗೆಯಲ್ಲಿ ಬೆಂಗಳೂರು ಸೇರಿ, ಕಡೆಯವರೆಗೂ ಹಾಸ್ಟೆಲಿನ ಕೋಣೆಯಲ್ಲೇ ಬಾಳಿದವರು. ಅವರ ವೈಚಾರಿಕತೆಗೆ ಆ ಬದುಕೇ ಬೆಂಬಲವಾಗಿತ್ತು. ಆದರೂ ಪವಾಡ ಬಯಲು ಮಾಡುವ ಕಾರ್ಯಕ್ರಮ ನಮ್ಮ ಶಾಲೆಗಳಿಗೆ ಬಂದಾಗ ಗಾಳಿಯಿಂದ ವಿಭೂತಿ ತೆಗೆಯುವ ಕೈಚಳಕಕ್ಕೆ ಚಪ್ಪಾಳೆ ಬಿದ್ದಷ್ಟು, ಬಿಸಿಯೂಟದ ಪಂಕ್ತಿಯಲ್ಲಿ ಯಾರ ಪಕ್ಕ ಯಾರು ಕೂರುತ್ತಾರೆ ಎಂಬ ಪ್ರಶ್ನೆಗೆ ಬೀಳುವುದಿಲ್ಲ. ಕೈಚಳಕ ಕಲಿಸುವುದು ಸುಲಭ.

ಹೆಚ್ಚು ಹೊತ್ತು ನಿಂತು ನೋಡಬೇಕಾದದ್ದು ಚಂದ್ರಗುತ್ತಿಯನ್ನು. ಕನ್ನಡ ಸಾಹಿತ್ಯದಲ್ಲಿ ಹೆಚ್ಚಿನದು ಬೂಸಾ ಎಂದ ಸಚಿವ ಬಿ. ಬಸವಲಿಂಗಪ್ಪನವರ ಪ್ರಕರಣದ ಬಿಸಿಯಲ್ಲಿ ಹುಟ್ಟಿದ ದಲಿತ ಸಂಘರ್ಷ ಸಮಿತಿ, ಸೊರಬ ತಾಲ್ಲೂಕಿನ ಆ ರೇಣುಕಾಂಬೆಯ ಜಾತ್ರೆಯಲ್ಲಿ ನಡೆಯುತ್ತಿದ್ದ ಬೆತ್ತಲೆ ಸೇವೆಯನ್ನು ತಡೆಯಲು ಮುಂದಾಯಿತು. ಹರಕೆ ಹೊತ್ತು ಬೆತ್ತಲಾಗುತ್ತಿದ್ದವರಲ್ಲಿ ಹೆಚ್ಚಿನವರು ಕೆಳಜಾತಿಯ ಬಡ ಹೆಂಗಸರು. 1986ರ ಮಾರ್ಚ್‌ನಲ್ಲಿ ಭಕ್ತರು ತಿರುಗಿಬಿದ್ದರು. ತಡೆಯಲು ಹೋದ ಕಾರ್ಯಕರ್ತರನ್ನೂ ಪೊಲೀಸರನ್ನೂ ಹೊಡೆದು, ಬಟ್ಟೆ ಬಿಚ್ಚಿ ಮೆರವಣಿಗೆ ಮಾಡಿದರು. ಸರ್ಕಾರ ಬೆತ್ತಲೆ ಸೇವೆಯನ್ನು ನಿಷೇಧಿಸಿತು, ಅದು ಸರಿಯೇ. ಆದರೆ ಯಾರ ಬಿಡುಗಡೆಗೆ ಹೋದರೋ ಅವರೇ ಏಕೆ ಎದುರು ನಿಂತರು ಎಂಬ ಪ್ರಶ್ನೆ ಕನ್ನಡದ ಬುದ್ಧಿಜೀವಿಗಳನ್ನು ಬಹಳ ಕಾಲ ಕಾಡಿತು. ಅನಂತಮೂರ್ತಿ ‘ಬೆತ್ತಲೆ ಪೂಜೆ ಯಾಕೆ ಕೂಡದು’ ಎಂದು ಬರೆದು ವಿಚಾರವಾದಿಗಳ ಬೈಗುಳ ತಿಂದರು. ಡಿ.ಆರ್. ನಾಗರಾಜ್ ದಲಿತ ಚಳವಳಿ ತನ್ನ ದೇವತೆಗಳನ್ನೂ ನೆನಪುಗಳನ್ನೂ ಕೈಬಿಟ್ಟರೆ ಬಡವಾಗುತ್ತದೆಂದು ವಾದಿಸಿದರು. ಹೋರಾಟದ ಕವಿ ಸಿದ್ಧಲಿಂಗಯ್ಯ ಗ್ರಾಮದೇವತೆಗಳ ಮೇಲೆ ಸಂಶೋಧನೆ ಮಾಡಿದರು; ಊರ ಮಾರಮ್ಮ ಅವರಿಗೆ ಶತ್ರುವಾಗಿ ಕಾಣಲಿಲ್ಲ.

ನನಗೆ ಅನಂತಮೂರ್ತಿಯವರ ಅಳುಕು ಅರ್ಥವಾಗುತ್ತದೆ, ಆದರೆ ಪೂರ್ತಿ ಒಪ್ಪಿಗೆಯಿಲ್ಲ. ಬೆತ್ತಲೆ ಸೇವೆಯ ಅಧ್ಯಾತ್ಮ ಹುಡುಕುವವರ ಮನೆಯ ಹೆಣ್ಣುಮಕ್ಕಳು ಆ ಸೇವೆಗೆ ಇಳಿಯುವುದಿಲ್ಲ. ಕಾರ್ಯಕರ್ತರ ತಪ್ಪು ತಡೆಯಲು ಹೋದದ್ದರಲ್ಲಿ ಇರಲಿಲ್ಲ. ಹರಕೆ ತೀರದಿದ್ದರೆ ಮಗುವಿನ ಕಾಯಿಲೆ ಮರಳುತ್ತದೆಂಬ ಭಯಕ್ಕೆ ಅವರ ಬಳಿ ಔಷಧಿ ಇರಲಿಲ್ಲ, ಹತ್ತಿರದಲ್ಲಿ ಆಸ್ಪತ್ರೆಯೂ ಇರಲಿಲ್ಲ ಎಂಬುದು ಅಲ್ಲಿಯ ಕೊರತೆ.

ಈ ಮಾತು ನಮ್ಮ ಹುಲಿಗಿಗೆ ಇನ್ನೂ ಹೆಚ್ಚು ಅನ್ವಯಿಸುತ್ತದೆ. ಮುನಿರಾಬಾದ್ ಪಕ್ಕದಲ್ಲಿ ತುಂಗಭದ್ರೆಯ ದಂಡೆಯ ಮೇಲಿರುವ ಹುಲಿಗೆಮ್ಮನ ಸನ್ನಿಧಿಗೆ ಎಲ್ಲ ಜಾತಿಯವರೂ ನಡೆದುಕೊಳ್ಳುತ್ತಾರೆ. ಮುತ್ತು ಕಟ್ಟಿಸಿಕೊಂಡು ದೇವದಾಸಿಯರಾದವರು ಮಾತ್ರ ಬಹುಮಟ್ಟಿಗೆ ದಲಿತ ಕೇರಿಯ ಹುಡುಗಿಯರು. ಗಂಡುಮಕ್ಕಳಿಲ್ಲದ ಮನೆಯಲ್ಲಿ ಒಬ್ಬ ಮಗಳನ್ನು ಬಸವಿ ಬಿಟ್ಟರೆ ಅವಳು ತವರಲ್ಲೇ ಉಳಿದು ತಂದೆತಾಯಿಯನ್ನು ಸಾಕುತ್ತಾಳೆ. ಮೈಮೇಲೆ ಗುಳ್ಳೆ ಎದ್ದರೆ, ತಲೆಯಲ್ಲಿ ಜಡೆ ಬಿದ್ದರೆ ಅಮ್ಮ ಕರೆದಳು ಎನ್ನುತ್ತಾರೆ. ಇದರಲ್ಲಿ ನಂಬಿಕೆ ಎಷ್ಟು, ಮನೆ ನಡೆಸುವ ಲೆಕ್ಕ ಎಷ್ಟು ಎಂದು ಬೇರ್ಪಡಿಸಲು ಹೋದವರು ಸೋತಿದ್ದಾರೆ. ಎರಡೂ ಇದೆ, ಮೂರನೆಯದಾಗಿ ಆ ಹುಡುಗಿಯ ಮೇಲೆ ಕಣ್ಣಿಟ್ಟ ಊರ ಗೌಡಿಕೆಯೂ ಇದೆ. 1982ರಲ್ಲೇ ನಿಷೇಧದ ಕಾಯ್ದೆಯಾಯಿತು. ಆಮೇಲೆ 1993–94ರಲ್ಲಿ ಮತ್ತು 2007–08ರಲ್ಲಿ ನಡೆದ ಎರಡು ಸಮೀಕ್ಷೆಗಳು ಸೇರಿ ರಾಜ್ಯದಲ್ಲಿ ಗುರುತಿಸಿದ್ದು 46,660 ಮಾಜಿ ದೇವದಾಸಿಯರನ್ನು. ಕೊಪ್ಪಳ ಅವರ ಸಂಖ್ಯೆ ಹೆಚ್ಚಿರುವ ಜಿಲ್ಲೆಗಳಲ್ಲಿ ಒಂದು.

ಈ ಹೆಂಗಸರು ಸಂಘ ಕಟ್ಟಿಕೊಂಡು ಬೀದಿಗೆ ಇಳಿದಾಗ ಏನು ಕೇಳಿದರು? ಮಾಸಾಶನ, ಮನೆ, ಎರಡೆಕರೆ ಜಮೀನು, ಮಕ್ಕಳ ಓದು. ಎಲ್ಲಕ್ಕಿಂತ ಹೆಚ್ಚಾಗಿ, ಅರ್ಜಿಯಲ್ಲಿ ‘ಬಿನ್’ ಎಂದಿರುವ ಕಡೆ ಏನು ಬರೆಯಬೇಕು ಎಂಬ ಪ್ರಶ್ನೆಗೆ ಉತ್ತರ. ಶಾಲೆಯ ದಾಖಲಾತಿಯ ದಿನ ಮಾಸ್ತರರು ಪೆನ್ನು ಹಿಡಿದು ತಲೆಯೆತ್ತದೆ ‘ಅಪ್ಪನ ಹೆಸರು?’ ಎಂದು ಕೇಳುತ್ತಾರೆ. ಹಿಂದೆ ಸಾಲಿನಲ್ಲಿ ನಿಂತವರು ಸುಮ್ಮನಾಗುತ್ತಾರೆ. ಆ ತಾಯಿಗೆ ಹುಲಿಗೆಮ್ಮ ಇಲ್ಲವೆಂದು ಸಾಬೀತು ಮಾಡಿದರೆ ಆ ಕಾಲಂ ತುಂಬುವುದಿಲ್ಲ. 2025ರಲ್ಲಿ ವಿಧಾನಮಂಡಲ ಒಪ್ಪಿದ ಹೊಸ ದೇವದಾಸಿ ಮಸೂದೆ ಮಕ್ಕಳಿಗೆ ತಂದೆಯನ್ನು ಗುರುತಿಸಿ ಆಸ್ತಿಯ ಪಾಲು ಕೇಳುವ ಹಕ್ಕನ್ನು ಕೊಟ್ಟದ್ದು ನನ್ನ ಕಣ್ಣಿಗೆ ನೂರು ಪವಾಡ ಬಯಲಿಗಿಂತ ದೊಡ್ಡದು. ಅಮ್ಮನ ಹೆಸರು ಹೇಳಿ ಹುಡುಗಿಯನ್ನು ಬಳಸಿಕೊಂಡವನು ಮನುಷ್ಯ, ಅವನ ಹೆಸರಿಗೆ ಪಹಣಿಯಿದೆ.

ಮೌಢ್ಯದ ವಿರುದ್ಧದ ಕಾಯ್ದೆಯ ಕಥೆಯೂ ಇದೇ ದಿಕ್ಕಿನದು. 2013ರ ಆಗಸ್ಟ್ 20ರಂದು ಪುಣೆಯಲ್ಲಿ ಮೌಢ್ಯ ವಿರೋಧಿ ಹೋರಾಟಗಾರ ನರೇಂದ್ರ ದಾಭೋಲ್ಕರ್ ಹತ್ಯೆಯಾದ ಬಳಿಕ ಮಹಾರಾಷ್ಟ್ರ ಕಾಯ್ದೆ ತಂದಿತು. ನಮ್ಮಲ್ಲಿ ಕರಡು, ಕೂಗಾಟ, ಮತ್ತೆ ಕರಡು ಎಂದು ಎಳೆದಾಡಿ 2017ರಲ್ಲಿ ಅಂಗೀಕಾರವಾಗಿ 2020ರ ಜನವರಿಯಲ್ಲಿ ಜಾರಿಗೆ ಬಂತು. ಎಂಜಲೆಲೆಯ ಮೇಲೆ ಉರುಳುವುದು, ಬೆತ್ತಲೆ ಸೇವೆ, ಭಾನಾಮತಿ ಹೆಸರಿನ ಹಿಂಸೆ ಇವೆಲ್ಲ ಅಪರಾಧವಾದವು. ಜ್ಯೋತಿಷ್ಯ, ವಾಸ್ತು ಹೊರಗುಳಿದವು. ಬಡವರ ಮೌಢ್ಯ ಠಾಣೆಗೆ ಹೋಯಿತು, ಉಳ್ಳವರ ಮೌಢ್ಯ ಬೆಳಿಗ್ಗೆ ಟಿವಿಯಲ್ಲಿ ಕೂತಿದೆ ಎಂದು ಟೀಕಿಸಿದವರ ಮಾತಿನಲ್ಲಿ ಹುರುಳಿದೆ. ಆದರೂ ಕಾಯ್ದೆಯ ಒಳಗಣ ಅಳತೆಗೋಲು ನನಗೆ ಸರಿಯೆನಿಸುತ್ತದೆ: ನಂಬಿಕೆ ನಿಜವೋ ಸುಳ್ಳೋ ಎಂದು ಅದು ಕೇಳುವುದಿಲ್ಲ, ಯಾರ ಮೈಗೆ, ಯಾರ ಮಾನಕ್ಕೆ ಏಟು ಬೀಳುತ್ತದೆ ಎಂದು ಕೇಳುತ್ತದೆ.

ಇನ್ನು ನಂಬುವವರ ಕಡೆಗೆ ಬರೋಣ. 2025ರ ಫೆಬ್ರವರಿ 24ರಂದು ಉಕ್ಕಿನ ಕಾರ್ಖಾನೆಯ ವಿಸ್ತರಣೆಯ ವಿರುದ್ಧ ಕೊಪ್ಪಳ ಬಂದ್ ಆಯಿತು. ಹೊಗೆ ಕುಡಿದ ಊರುಗಳ ಪರವಾಗಿ ನಿಂತು ಮಾತಾಡಿದವರು ಗವಿಮಠದ ಅಭಿನವ ಗವಿಸಿದ್ಧೇಶ್ವರ ಸ್ವಾಮೀಜಿ. ಅದಕ್ಕೂ ಮೊದಲು ಹಿರೇಹಳ್ಳದ ಹೂಳು ತೆಗೆಸಲು ಜನರನ್ನು ಕರೆದವರೂ ಅವರೇ. ಆ ಬಂದ್‌ನಲ್ಲಿ ಎಡಪಂಥೀಯರು, ರೈತ ಸಂಘದವರು, ಸಾಹಿತಿಗಳು, ದೇವರ ಗೊಡವೆಯೇ ಬೇಡವೆನ್ನುವವರು ಎಲ್ಲರೂ ಇದ್ದರು. ಯಾರೂ ಯಾರ ನಂಬಿಕೆಯನ್ನೂ ತಪಾಸಣೆ ಮಾಡಲಿಲ್ಲ. ಅಮೆರಿಕದಲ್ಲಿ 1963ರ ವಾಷಿಂಗ್ಟನ್ ಮೆರವಣಿಗೆಯನ್ನು ಮುನ್ನಡೆಸಿದ ಎ. ಫಿಲಿಪ್ ರಾಂಡಾಲ್ಫ್ ಮುಂದೆ ಮಾನವತಾವಾದಿಗಳ ಪ್ರಣಾಳಿಕೆಗೆ ಸಹಿ ಹಾಕಿದವರು, ಅಲ್ಲಿ ಕಡೆಯಲ್ಲಿ ಭಾಷಣ ಮಾಡಿದ ಮಾರ್ಟಿನ್ ಲೂಥರ್ ಕಿಂಗ್ ಪಾದ್ರಿ. ಸೋವಿಯತ್ ಒಕ್ಕೂಟ ನಾಸ್ತಿಕತೆಯನ್ನೇ ಸರ್ಕಾರದ ನೀತಿ ಮಾಡಿ ಚರ್ಚು, ಮಸೀದಿಗಳಿಗೆ ಬೀಗ ಹಾಕಿಸಿತು. ನ್ಯಾಯ ಅಲ್ಲಿ ಎಷ್ಟು ಬಂತೆಂದು ಬಿಡಿಸಿ ಹೇಳಬೇಕಿಲ್ಲ. ನಮ್ಮ ಕಡೆಯ ಮೊಹರಂ, ಅಂದರೆ ಅಲಾಯಿ ಹಬ್ಬವನ್ನು ನೋಡಿ: ಮುಸ್ಲಿಮರ ಮನೆಯೇ ಇಲ್ಲದ ಊರಲ್ಲೂ ಅಲಾಯಿ ದೇವರು ಕೂರುತ್ತದೆ, ಕುಣಿ ತೋಡಿ ಬೆಂಕಿ ಹಾಕುತ್ತಾರೆ, ಲಿಂಗಾಯತರು ಸಕ್ಕರೆ ಓದಿಸುತ್ತಾರೆ. ಬಾಯಲ್ಲಿ ವಿಜ್ಞಾನ ಹೇಳುತ್ತ ಇದನ್ನು ಮೌಢ್ಯವೆಂದು ಗುಡಿಸಿ ಹಾಕುವವನ ಕೆಲಸವನ್ನು, ಎರಡೂ ಕಡೆಯ ಕೋಮುವಾದಿಗಳು ಬೇರೆ ಕಾರಣಕ್ಕೆ ಆಗಲೇ ಮಾಡುತ್ತಿದ್ದಾರೆ.

ಹಾಗಾದರೆ ನಾಸ್ತಿಕತೆಗೂ ಸಾಮಾಜಿಕ ನ್ಯಾಯಕ್ಕೂ ಸಂಬಂಧವೇ ಇಲ್ಲವೇ? ಇದೆ, ಆದರೆ ಜನ ಸಾಮಾನ್ಯವಾಗಿ ಹುಡುಕುವ ಜಾಗದಲ್ಲಿ ಇಲ್ಲ. ದೇವರಿಲ್ಲ ಎನ್ನುವುದಕ್ಕೆ ತಗಲುವ ಖರ್ಚು ಎಲ್ಲರಿಗೂ ಒಂದೇ ಅಲ್ಲ. ಅನ್ಯಾಯ ಕೂತಿರುವುದು ಆ ವ್ಯತ್ಯಾಸದಲ್ಲಿ.

ಕೆಲವರು ಜೀವವನ್ನೇ ಕೊಟ್ಟಿದ್ದಾರೆ. 2015ರ ಆಗಸ್ಟ್ 30ರಂದು ಧಾರವಾಡದ ಮನೆಯ ಬಾಗಿಲಲ್ಲಿ ಗುಂಡಿಗೆ ಬಲಿಯಾದ ಎಂ.ಎಂ. ಕಲಬುರ್ಗಿ ನಾಸ್ತಿಕರೇನೂ ಆಗಿರಲಿಲ್ಲ, ವಚನಗಳಲ್ಲಿ ಮುಳುಗಿದ ವಿದ್ವಾಂಸರು. ಪ್ರಶ್ನೆ ಕೇಳಿದ್ದೇ ಸಾಕಾಯಿತು. ಕೊಯಮತ್ತೂರಿನಲ್ಲಿ 2017ರ ಮಾರ್ಚ್‌ನಲ್ಲಿ ಪೆರಿಯಾರ್ ಸಂಘಟನೆಯ ಎಚ್. ಫಾರೂಕ್ ಅವರನ್ನು ಇಸ್ಲಾಂ ತೊರೆದರೆಂದು ಕೊಂದರು. ಇಂಥ ಹತ್ಯೆಗಳು ಸುದ್ದಿಯಾಗುತ್ತವೆ, ಆಗಲೇಬೇಕು. ಸುದ್ದಿಯಾಗದ ಖರ್ಚು ಬೇರೆ. 2011ರ ಜನಗಣತಿಯಲ್ಲಿ ನಾಸ್ತಿಕರೆಂದು ಬರೆಸಿದವರು ದೇಶದಲ್ಲೆಲ್ಲ ಸುಮಾರು 33,000 ಮಂದಿ. ನೂರಿಪ್ಪತ್ತು ಕೋಟಿಯಲ್ಲಿ ಅಷ್ಟೇ ಜನ ನಂಬದವರೇ? ನಮ್ಮ ಒಂದು ತಾಲ್ಲೂಕಿನ ಕಟ್ಟೆಗಳ ಮೇಲೆ ಕೂತು ಕೇಳಿದರೂ ‘ಎಲ್ಲಿ ದೇವ್ರು ಬಿಡ್ರೀ’ ಎನ್ನುವವರು ಬೇಕಾದಷ್ಟು ಸಿಗುತ್ತಾರೆ. ಕಟ್ಟೆಯ ಮೇಲೆ ಹೇಳಬಹುದು, ಕಾಲಮ್ಮಿನಲ್ಲಿ ಬರೆಸುವುದು ಬೇರೆ.

ಹಿಂದೂ ಮನೆಯಲ್ಲಿ ಹುಟ್ಟಿದವನಿಗೆ ಇದು ಅಗ್ಗ. ಹಿಂದೂ ಉತ್ತರಾಧಿಕಾರ ಕಾಯ್ದೆಯ ಎರಡನೆಯ ಕಲಮು ಮುಸ್ಲಿಂ, ಕ್ರೈಸ್ತ, ಪಾರ್ಸಿ, ಯಹೂದಿ ಅಲ್ಲದವರನ್ನೆಲ್ಲ ತನ್ನ ಬಗಲಿಗೆ ಎಳೆದುಕೊಳ್ಳುತ್ತದೆ. ನೀವು ಎಷ್ಟು ನಾಸ್ತಿಕರಾದರೂ ಅಪ್ಪನ ಹೊಲದ ಪಾಲು ತಪ್ಪುವುದಿಲ್ಲ. ಇಸ್ಲಾಂ ಬಿಟ್ಟ ಹೆಣ್ಣುಮಗಳಿಗೆ ಆಸ್ತಿಯ ವಿಷಯದಲ್ಲಿ ಷರೀಯತ್ತೇ ಅನ್ವಯವೋ ಅಲ್ಲವೋ ಎಂಬ ಗೊಂದಲ. ಕೇರಳದ ಮಹಿಳೆಯೊಬ್ಬರು ತಂದ ಅರ್ಜಿಯನ್ನು ಸುಪ್ರೀಂ ಕೋರ್ಟು 2024ರಲ್ಲಿ ವಿಚಾರಣೆಗೆ ಎತ್ತಿಕೊಂಡಿತು. ದಲಿತನ ಕಷ್ಟ ಇನ್ನೊಂದು ಬಗೆಯದು. 1950ರ ಪರಿಶಿಷ್ಟ ಜಾತಿ ಆದೇಶದ ಪ್ರಕಾರ ಹಿಂದೂ, 1956ರಿಂದ ಸಿಖ್, 1990ರಿಂದ ಬೌದ್ಧ, ಇವನ್ನು ಬಿಟ್ಟು ಬೇರೆ ಧರ್ಮ ಆಚರಿಸುವವರು ಪರಿಶಿಷ್ಟರಲ್ಲ. ಧರ್ಮವೇ ಇಲ್ಲದವನು ‘ಬೇರೆ ಧರ್ಮ’ದವನಲ್ಲ ಎಂದು ಅಕ್ಷರ ಹಿಡಿದು ವಾದಿಸಬಹುದು. ಮಗನ ಹಾಸ್ಟೆಲ್ ಸೀಟಿಗೆ ಜಾತಿ ಪ್ರಮಾಣಪತ್ರ ಬೇಕಾಗಿ ನಾಡಕಚೇರಿಯ ಕಿಟಕಿಯ ಮುಂದೆ ನಿಂತವನು ಆ ವಾದ ಹೂಡುವ ಸಾಹಸ ಮಾಡುವುದಿಲ್ಲ; ‘ಹಿಂದೂ’ ಎಂದು ಬರೆಸಿ ಬರುತ್ತಾನೆ. ಸಂವಿಧಾನದ 25ನೆಯ ವಿಧಿ ಕೊಟ್ಟ ಆತ್ಮಸಾಕ್ಷಿಯ ಸ್ವಾತಂತ್ರ್ಯ ಆ ಕಿಟಕಿಯ ಮುಂದೆ ಸ್ವಲ್ಪ ಬಾಗಿ ನಿಲ್ಲುತ್ತದೆ. ತಮಿಳುನಾಡಿನ ತಿರುಪತ್ತೂರಿನ ವಕೀಲೆ ಸ್ನೇಹಾ 2019ರಲ್ಲಿ ಜಾತಿಯೂ ಇಲ್ಲ, ಧರ್ಮವೂ ಇಲ್ಲ ಎಂಬ ಪ್ರಮಾಣಪತ್ರ ಪಡೆದದ್ದು ದೊಡ್ಡ ಸುದ್ದಿಯಾಯಿತು. ಜಾತಿ ಪತ್ರದ ಮೇಲೆಯೇ ಮಕ್ಕಳ ಓದು ನಿಂತಿರುವ ಮನೆಗೆ ಅದು ಕೈಗೆಟುಕುವ ಆದರ್ಶವಲ್ಲ.

ಮನೆಯೊಳಗಿನ ಲೆಕ್ಕವಂತೂ ಯಾರೂ ತೆಗೆಯುವುದೇ ಇಲ್ಲ. ಗಂಡ ಸಭೆಗಳಲ್ಲಿ ವಿಚಾರವಾದಿ. ಶ್ರಾವಣ ಸೋಮವಾರ ಜಗಲಿಯ ಮೇಲಿನ ದೇವರನ್ನು ತೊಳೆದು, ಹೋಳಿಗೆಗೆ ಹೂರಣ ರುಬ್ಬಿ, ಅತ್ತೆಯ ಬಾಯಿಂದ ತಪ್ಪಿಸಿಕೊಳ್ಳಬೇಕಾದವಳು ಹೆಂಡತಿ. ಅವಳು ನಂಬುತ್ತಾಳೋ ಇಲ್ಲವೋ ಎಂದು ಯಾರೂ ಕೇಳಿರುವುದಿಲ್ಲ. ‘ನಮ್ಮನೆಯವರು ದೇವರನ್ನು ನಂಬೋದಿಲ್ಲ’ ಎಂಬ ಮಾತು ಗಂಡಸಿನ ಬಗ್ಗೆ ಹೆಮ್ಮೆಯಂತೆ ಕೇಳುತ್ತದೆ. ‘ಆಕಿ ದೇವರನ್ನ ನಂಬೋದಿಲ್ಲಂತ’ ಎಂದರೆ ಮಗಳಿಗೆ ಗಂಡು ಸಿಗುವುದಿಲ್ಲ. ಪುರೋಹಿತರಿಲ್ಲದೆ, ಜಾತಿ ನೋಡದೆ ಮದುವೆಯಾಗಲು ಹೊರಟ ಜೋಡಿಗೆ 1954ರ ವಿಶೇಷ ವಿವಾಹ ಕಾಯ್ದೆ ಇದೆ, ಆದರೆ ಮೂವತ್ತು ದಿನಗಳ ನೋಟಿಸು ಕಚೇರಿಯ ಗೋಡೆಯ ಮೇಲೆ ತೂಗುತ್ತದೆ. ಸಣ್ಣ ಊರಲ್ಲಿ ಆ ನೋಟಿಸು ಮೂವತ್ತು ದಿನ ಕಾಯುವುದಿಲ್ಲ, ಮೂರು ತಾಸಿನಲ್ಲಿ ಮನೆ ಮುಟ್ಟುತ್ತದೆ. ತಮಿಳುನಾಡಿನವರು 1967ರಲ್ಲಿ ತಂದಂಥ ತಿದ್ದುಪಡಿ ನಮಗೇಕೆ ಬೇಡವಾಯಿತು ಎಂದು ಕರ್ನಾಟಕದ ವಿಚಾರವಾದಿಗಳು ಗಟ್ಟಿಯಾಗಿ ಕೇಳಿದ್ದನ್ನು ನಾನು ಕಂಡಿಲ್ಲ.

ಊರಿನೊಳಗೆ ಖರ್ಚಿನ ಲೆಕ್ಕ ಕಣ್ಣಿಗೆ ಕಾಣುವುದು ಜಾತ್ರೆಯ ಪಟ್ಟಿಯಲ್ಲಿ. ಮನೆಗಿಷ್ಟು, ಎಕರೆಗಿಷ್ಟು ಎಂದು ಊರ ದೈವದವರು ಮೊದಲೇ ಗೊತ್ತು ಮಾಡಿರುತ್ತಾರೆ. ನಾಲ್ಕೈದು ಜನ ಬಾಗಿಲಿಗೆ ಬರುತ್ತಾರೆ, ಒಬ್ಬನ ಕೈಯಲ್ಲಿ ಮೂಲೆಗೆ ಅರಿಸಿನ ಹಚ್ಚಿದ ಉದ್ದನೆಯ ನೋಟ್‌ಬುಕ್ಕು. ಸಂಬಳದ ಮಾಸ್ತರರು ಕೊಡುವುದಿಲ್ಲ ಎಂದರೆ ‘ಸರ್ ಸ್ವಲ್ಪ ಬ್ಯಾರೇನ’ ಎಂದು ನಕ್ಕು ಮುಂದೆ ಹೋಗುತ್ತಾರೆ. ಅದೇ ಮಾತನ್ನು ದಿನಗೂಲಿಯವನು ಆಡಿದರೆ ‘ದೇವ್ರ ಕೆಲ್ಸಕ್ಕ ಇಲ್ಲ ಅಂತೀಯಾ?’ ಎಂಬ ಪ್ರಶ್ನೆ ನಗುವಿಲ್ಲದೆ ಬರುತ್ತದೆ. ಮರುದಿನ ಯಾರ ಹೊಲದಲ್ಲಿ ಕೆಲಸ ಸಿಗುತ್ತದೆ ಎಂಬುದು ಆ ಉತ್ತರದ ಮೇಲೆ ನಿಂತಿರುತ್ತದೆ. ಕೆಲವು ಕಡೆ ಕೇರಿಯವರಿಂದ ಪಟ್ಟಿ ಪಡೆಯುತ್ತಾರೆ, ತೇರಿನ ಹಗ್ಗ ಮುಟ್ಟಗೊಡುವುದಿಲ್ಲ. ಅಂಥ ಊರಲ್ಲಿ ‘ನನ್ನ ದುಡ್ಡು ಬೇಕು, ನನ್ನ ಕೈ ಬೇಡವೇ?’ ಎನ್ನುವ ಭಕ್ತನೂ ‘ನನಗೆ ದೇವರೇ ಬೇಡ’ ಎನ್ನುವ ನಾಸ್ತಿಕನೂ ಎದುರಿಸುವ ಶಿಕ್ಷೆ ಒಂದೇ, ಬಹಿಷ್ಕಾರ. ಕಿರಾಣಿ ಅಂಗಡಿಯಲ್ಲಿ ಸಾಮಾನು ಇಲ್ಲ, ಕೂಲಿ ಇಲ್ಲ, ಮಾತಾಡಿಸಿದವರಿಗೆ ದಂಡ.

ಹಾಗಾಗಿ ನಾಸ್ತಿಕರು ಸಾಮಾಜಿಕ ನ್ಯಾಯದ ಹೆಸರಲ್ಲಿ ಒಂದೇ ಒಂದು ಬೇಡಿಕೆ ಆರಿಸಿಕೊಳ್ಳಬೇಕೆಂದರೆ, ಬಹಿಷ್ಕಾರದ ವಿರುದ್ಧದ ಕಟ್ಟುನಿಟ್ಟಿನ ಕಾನೂನನ್ನೇ ಹಿಡಿಯಲಿ ಎನ್ನುತ್ತೇನೆ. ಇದಕ್ಕೊಂದು ಹಳೆಯ ಜಾಡೂ ಇದೆ. 1949ರಲ್ಲಿ ಮುಂಬಯಿ ಪ್ರಾಂತ್ಯ ಸಮುದಾಯದಿಂದ ಹೊರಹಾಕುವುದನ್ನು ತಡೆಯುವ ಕಾಯ್ದೆ ಮಾಡಿತ್ತು. ಧಾರವಾಡ, ಬಿಜಾಪುರದವರು ಆಗ ಅದರಡಿ ಬರುತ್ತಿದ್ದರು. ಹೈದರಾಬಾದ್ ಸೀಮೆಯಲ್ಲಿದ್ದ ನಮ್ಮ ಕೊಪ್ಪಳ, ಯಲಬುರ್ಗಾದವರಿಗೆ ಆ ಭಾಗ್ಯವಿರಲಿಲ್ಲ. 1962ರಲ್ಲಿ ದಾವೂದಿ ಬೊಹ್ರಾ ಗುರುಗಳ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಹೊರಹಾಕುವುದು ಧರ್ಮದ ಆಡಳಿತದ ಭಾಗವೆಂದು ಹೇಳಿ ಕಾಯ್ದೆಯನ್ನೇ ಹೊಡೆದುಹಾಕಿತು. ಆ ತೀರ್ಪು ಸರಿಯೇ ಎಂಬ ಪ್ರಶ್ನೆಯನ್ನು 2023ರ ಫೆಬ್ರವರಿಯಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠಕ್ಕೆ ಒಪ್ಪಿಸಲಾಗಿದೆ. ಈ ನಡುವೆ ಮಹಾರಾಷ್ಟ್ರ 2016ರಲ್ಲಿ ಅಂಗೀಕರಿಸಿ ಮರುವರ್ಷ ಜಾರಿಗೆ ತಂದ ಸಾಮಾಜಿಕ ಬಹಿಷ್ಕಾರ ತಡೆ ಕಾಯ್ದೆಯಲ್ಲಿ ಮೂರು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ ಇದೆ. ದೂರು ಕೊಡುವವನು ಗುಡಿಯ ಹೊರಗೆ ನಿಲ್ಲಿಸಲ್ಪಟ್ಟ ಭಕ್ತನೋ, ಜಾತಿ ಮೀರಿ ಮದುವೆಯಾದವನೋ, ದೇವರಿಲ್ಲ ಎಂದವನೋ ಎಂದು ಅದು ನೋಡುವುದಿಲ್ಲ. ಠಾಣೆಯಲ್ಲಿ ಬರೆದುಕೊಳ್ಳುವುದು ಯಾರು ಸಭೆ ಕರೆದರು, ಯಾರು ತೀರ್ಮಾನ ಹೇಳಿದರು, ಯಾವ ಅಂಗಡಿಯವನು ಉಪ್ಪು ಕೊಡಲಿಲ್ಲ, ಯಾವ ಗಿರಣಿಯವನು ಜೋಳ ಬೀಸಿಕೊಡಲಿಲ್ಲ ಎಂಬುದನ್ನು.